ಹೊರಗಿನವನ ಮಾತು, ಒಳಗಿನವಳ ಮೌನ: ‘ದ ಲಾಸ್ಟ್ ಬ್ಯಾಟಲ್’ ಮತ್ತು ಅದರ ಓದುಗರು

ಸಿ. ಎಸ್. ಲೂಯಿಸ್ ಅವರ ನಾರ್ನಿಯಾ ಕಥಾಮಾಲೆ 1950ರಲ್ಲಿ ಆರಂಭವಾಗಿ, ವರ್ಷಕ್ಕೊಂದು ಪುಸ್ತಕದಂತೆ ಬೆಳೆದು, 1956ರಲ್ಲಿ ಏಳನೆಯ ಸಂಪುಟವಾದ ‘ದ ಲಾಸ್ಟ್ ಬ್ಯಾಟಲ್’ನೊಂದಿಗೆ ಮುಕ್ತಾಯಗೊಂಡಿತು. ಬ್ರಿಟನ್ನಿನ ಮಕ್ಕಳ ಸಾಹಿತ್ಯದಲ್ಲಿ ಮಾನ್ಯವಾದ ಕಾರ್ನೆಗಿ ಪದಕ ಈ ಕೊನೆಯ ಪುಸ್ತಕಕ್ಕೆ ದೊರೆಯಿತು. ಓದುಗರ ಅಸಮಾಧಾನವೂ ಇದಕ್ಕೇ ಧಾರಾಳವಾಗಿ ದೊರೆಯಿತು. ಲೇಖಕನನ್ನು ನಂಬಿ ಆರು ಪುಸ್ತಕಗಳುದ್ದಕ್ಕೂ ಹಿಂಬಾಲಿಸಿ ಬಂದವರಲ್ಲಿ ಅನೇಕರು ಏಳನೆಯದರ ಒಂದು ಪುಟದ ಬಳಿ ನಿಂತುಬಿಡುತ್ತಾರೆ. ಆ ಪುಟವನ್ನು ತಡೆಯಿಲ್ಲದೆ ದಾಟಿದ ಬೇರೆ ಕೆಲವರು ಮುಂದಿನ ಇನ್ನೊಂದು ಪುಟದ ಬಳಿ ನಿಲ್ಲುತ್ತಾರೆ. ಮೊದಲ ಗುಂಪಿನವರ ದೂರು, ಒಳಗಿರಬೇಕಾದವಳು ಹೊರಗುಳಿದಳು ಎಂಬುದು. ಎರಡನೆಯವರ ದೂರು, ಹೊರಗಿರಬೇಕಾದವನು ಒಳಗೆ ಬಂದ ಎಂಬುದು.

ಈ ಎರಡು ದೂರುಗಳನ್ನು ಬೇರೆಬೇರೆಯಾಗಿ ಚರ್ಚಿಸುವುದೇ ವಾಡಿಕೆ. ಅವುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಾಣುವ ಸಂಗತಿಯೊಂದನ್ನು ಈ ಲೇಖನದಲ್ಲಿ ಪರಿಶೀಲಿಸಲು ಬಯಸುತ್ತೇವೆ. ಲೂಯಿಸ್ ಅವರು ಪರಧರ್ಮೀಯನೊಬ್ಬನಿಗೆ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವ ಅವಕಾಶವನ್ನು ಕೊಟ್ಟರು. ನಂಬಿಕೆಯಿಂದ ದೂರ ಸರಿದ ಮನೆಯ ಮಗಳಿಗೆ ಆ ಅವಕಾಶವನ್ನು ಕೊಡಲಿಲ್ಲ. ಪುಸ್ತಕದ ನಿಜವಾದ ಕೊರತೆ ಇಲ್ಲಿದೆ ಎಂಬುದು ನಮ್ಮ ವಾದ. ಈ ಕೊರತೆ ಲೂಯಿಸ್ ಒಬ್ಬರದೇ ಅಲ್ಲ, ಧರ್ಮಸಭೆಯಲ್ಲಿ ಪಾಲನಾ ಸೇವೆಗೆ ನೇಮಕಗೊಂಡಿರುವ ನಮ್ಮೆಲ್ಲರದೂ ಹೌದು.

ಕಥೆಯ ಸಾರ

ಪುಸ್ತಕವನ್ನು ಓದಿಲ್ಲದವರಿಗಾಗಿ ಕಥೆಯನ್ನು ಸಂಕ್ಷೇಪವಾಗಿ ಹೇಳುವುದು ಅಗತ್ಯ. ಪೀಟರ್, ಸೂಸನ್, ಎಡ್ಮಂಡ್ ಮತ್ತು ಲೂಸಿ ಎಂಬ ನಾಲ್ವರು ಒಡಹುಟ್ಟಿದ ಇಂಗ್ಲಿಷ್ ಮಕ್ಕಳು ಬಟ್ಟೆಯ ಕಪಾಟಿನ ಮೂಲಕ ನಾರ್ನಿಯಾ ಎಂಬ ಮಾಯಾಲೋಕವನ್ನು ಹೊಗುತ್ತಾರೆ. ಆ ಲೋಕದ ಒಡೆಯ ಅಸ್ಲಾನ್ ಎಂಬ ಸಿಂಹ. ದ್ರೋಹವೆಸಗಿದ ಎಡ್ಮಂಡನಿಗೆ ಬದಲಾಗಿ ಅದು ತನ್ನ ಪ್ರಾಣವನ್ನು ಕೊಡುತ್ತದೆ, ಮತ್ತೆ ಜೀವಂತವಾಗಿ ಏಳುತ್ತದೆ. ಅಸ್ಲಾನ್ ಯಾರನ್ನು ನೆನಪಿಸುತ್ತದೆ ಎಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ನಾಲ್ವರೂ ನಾರ್ನಿಯಾದ ಅರಸರೂ ಅರಸಿಯರೂ ಆಗುತ್ತಾರೆ.

ಕೊನೆಯ ಪುಸ್ತಕದಲ್ಲಿ ಕಪಿಯೊಂದು ಪೆದ್ದು ಕತ್ತೆಗೆ ಸಿಂಹದ ತೊಗಲು ಹೊದಿಸಿ, ಇದೇ ಅಸ್ಲಾನ್ ಎಂದು ಜನರನ್ನು ನಂಬಿಸುತ್ತದೆ. ನೆರೆಯ ಕ್ಯಾಲೊರ್ಮೆನ್ ದೇಶದ ಸೈನ್ಯ ಈ ವಂಚನೆಯ ಬೆನ್ನೇರಿ ನಾರ್ನಿಯಾವನ್ನು ವಶಪಡಿಸಿಕೊಳ್ಳುತ್ತದೆ. ಯುದ್ಧದ ಕೊನೆಯಲ್ಲಿ ಒಂದು ಲಾಯದ ಬಾಗಿಲು ಅಂತಿಮ ತೀರ್ಪಿನ ಬಾಗಿಲಾಗುತ್ತದೆ. ಅದರಾಚೆ ಹೊಸ ನಾರ್ನಿಯಾ ತೆರೆದುಕೊಳ್ಳುತ್ತದೆ. ಹಳೆಯ ಪುಸ್ತಕಗಳ ಗೆಳೆಯರೆಲ್ಲರೂ ಅಲ್ಲಿ ಸೇರಿದ್ದಾರೆ, ಸೂಸನ್ ಮಾತ್ರ ಇಲ್ಲ. ಅವಳ ಬದಲು ಯಾರೂ ನಿರೀಕ್ಷಿಸದ ಒಬ್ಬನಿದ್ದಾನೆ. ಅವನು ಎಮೆತ್, ಟಾಷ್ ಎಂಬ ಕ್ರೂರ ದೇವತೆಯನ್ನು ಬಾಲ್ಯದಿಂದಲೂ ಭಕ್ತಿಯಿಂದ ಸೇವಿಸಿದ ಕ್ಯಾಲೊರ್ಮೆನ್ ಯೋಧ. ಅವನ ಹೆಸರಿಗೆ ಹೀಬ್ರೂ ಭಾಷೆಯಲ್ಲಿ ‘ಸತ್ಯ’ ಎಂದರ್ಥ.

ಓದುಗರು ಹೇಳಿದ್ದೇನು

ಮೊದಲು ಪ್ರಶ್ನಿಸಿದವರು ಮಕ್ಕಳೇ. ಸೂಸನ್‌ಗೆ ಏನಾಯಿತು ಎಂದು ಅವರು ಲೇಖಕರಿಗೆ ಪತ್ರ ಬರೆದರು. 1957ರ ಜನವರಿಯಲ್ಲಿ ಬಾಲಕನೊಬ್ಬನಿಗೆ ಬರೆದ ಉತ್ತರದಲ್ಲಿ ಲೂಯಿಸ್, ಸೂಸನ್ ಇನ್ನೂ ಈ ಲೋಕದಲ್ಲಿಯೇ ಬದುಕಿದ್ದಾಳೆ, ತಿದ್ದಿಕೊಳ್ಳಲು ಅವಳಿಗೆ ಬೇಕಾದಷ್ಟು ಕಾಲವಿದೆ, ಕೊನೆಗೆ ತನ್ನದೇ ದಾರಿಯಲ್ಲಿ ಅವಳು ಅಸ್ಲಾನನ ನಾಡನ್ನು ಸೇರಬಹುದು ಎಂಬ ಅರ್ಥದ ಮಾತುಗಳನ್ನು ಹೇಳಿದರು. 1960ರ ಇನ್ನೊಂದು ಪತ್ರದಲ್ಲಿ, ಅವಳ ಮುಂದಿನ ಕಥೆಯನ್ನು ತಾವು ಬರೆಯಲಾರೆವು, ಅದು ದೊಡ್ಡವರ ಕಾದಂಬರಿಯೇ ಆದೀತು, ಓದುಗರೇ ಪ್ರಯತ್ನಿಸಬಹುದಲ್ಲ ಎಂದು ಸೂಚಿಸಿದರು.

ದೊಡ್ಡವರ ದನಿ ಇದಕ್ಕಿಂತ ಕಟುವಾಗಿತ್ತು. ಲೂಯಿಸ್ ಅವರ ಜನ್ಮಶತಾಬ್ದಿಯ ವರ್ಷವಾದ 1998ರಲ್ಲಿ ಕಾದಂಬರಿಕಾರ ಫಿಲಿಪ್ ಪುಲ್‌ಮನ್ ‘ದ ಗಾರ್ಡಿಯನ್’ ಪತ್ರಿಕೆಯಲ್ಲಿ ನಾರ್ನಿಯಾ ಮಾಲೆಯನ್ನು ಖಂಡಿಸಿ ಬರೆದರು. ಬೆಳೆದು ಹೆಣ್ಣಾದದ್ದೇ ಸೂಸನ್ ಮಾಡಿದ ತಪ್ಪೆಂದು ಪುಸ್ತಕ ಬಗೆದಿದೆ ಎಂಬುದು ಅವರ ಆಕ್ಷೇಪದ ತಿರುಳು. 2004ರಲ್ಲಿ ನೀಲ್ ಗೇಮನ್ ‘ದ ಪ್ರಾಬ್ಲೆಮ್ ಆಫ್ ಸೂಸನ್’ ಎಂಬ ಸಣ್ಣಕಥೆಯನ್ನು ಪ್ರಕಟಿಸಿ, ಒಡಹುಟ್ಟಿದವರೆಲ್ಲರನ್ನೂ ಕಳೆದುಕೊಂಡು ವೃದ್ಧೆಯಾದ ಮಹಿಳೆಯೊಬ್ಬಳನ್ನು ಚಿತ್ರಿಸಿದರು. ಹ್ಯಾರಿ ಪಾಟರ್ ಮಾಲೆಯ ಕರ್ತೃ ಜೆ. ಕೆ. ರೌಲಿಂಗ್ 2005ರಲ್ಲಿ ‘ಟೈಮ್’ ಪತ್ರಿಕೆಯೊಂದಿಗೆ ಮಾತನಾಡುತ್ತ ಇದೇ ಅಸಮ್ಮತಿಯನ್ನು ಸೂಚಿಸಿದರು.

ಎರಡನೆಯ ದೂರು ಬಂದಿರುವುದು ಬೇರೊಂದು ದಿಕ್ಕಿನಿಂದ. ಲೂಯಿಸ್ ಅವರನ್ನು ತಮ್ಮ ವಿಶ್ವಾಸದ ಸಮರ್ಥಕರೆಂದು ಆದರಿಸುವ ಕ್ರೈಸ್ತರಲ್ಲಿಯೇ ಕೆಲವರಿಗೆ ಎಮೆತ್‌ನ ಪ್ರಸಂಗ ನುಂಗಲಾರದ ತುತ್ತಾಗಿದೆ. ಅಸ್ಲಾನನನ್ನು ಅರಿಯದವನು, ಅರಿಯದಿದ್ದುದಷ್ಟೇ ಅಲ್ಲ ದ್ವೇಷಿಸುತ್ತಿದ್ದವನು, ಅಸ್ಲಾನನ ನಾಡಿಗೆ ಸೇರುವುದಾದರೆ ಸುವಾರ್ತೆಯನ್ನು ಸಾರುವುದೇಕೆ ಎಂದು ಅವರು ಕೇಳುತ್ತಾರೆ. ಲೂಯಿಸ್ ಇದನ್ನು ಯೋಚಿಸದೆ ಬರೆದವರಲ್ಲ. ಅಪೂರ್ಣವಾಗಿ ತಿಳಿದ ದೇವರಿಗೆ ಪ್ರಾಮಾಣಿಕವಾಗಿ ಸಲ್ಲಿಸಿದ ಪ್ರಾರ್ಥನೆಯನ್ನೂ ನಿಜ ದೇವರು ಸ್ವೀಕರಿಸುತ್ತಾರೆ ಎಂಬ ನಂಬಿಕೆಯನ್ನು ಅವರು 1952ರ ಪತ್ರವೊಂದರಲ್ಲಿಯೇ ವ್ಯಕ್ತಪಡಿಸಿದ್ದರು.

ಮುಂದಿನ ಭಾಗವನ್ನು ಪ್ರಶ್ನಿಸುವ ಹಕ್ಕು

ಕಟ್ಟುಕಥೆಯ ಪಾತ್ರಕ್ಕಾಗಿ ಇಷ್ಟು ಕೊರಗುವುದು ಅತಿಯಲ್ಲವೇ ಎಂದು ಯಾರಾದರೂ ಕೇಳಬಹುದು. ಕಥೆಯೊಂದನ್ನು ಬಹುಕಾಲ ಕೇಳಿದ ಜನರಿಗೆ ಅದರ ಮುಂದುವರಿಕೆಯನ್ನು ಒಪ್ಪುವ ಅಥವಾ ಒಪ್ಪದಿರುವ ಅಧಿಕಾರ ತಾನಾಗಿಯೇ ಬರುತ್ತದೆ ಎಂಬುದಕ್ಕೆ ಕನ್ನಡ ನಾಡೇ ಸಾಕ್ಷಿ. ಕುಮಾರವ್ಯಾಸನ ಭಾರತ ಗದಾಪರ್ವದೊಂದಿಗೆ, ಹತ್ತು ಪರ್ವಗಳಿಗೆ, ನಿಲ್ಲುತ್ತದೆ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಸ್ಥಾನದ ತಿಮ್ಮಣ್ಣ ಕವಿ ಪೂರ್ಣಗೊಳಿಸಿದ. ಅರಸನ ಆಶ್ರಯವಿತ್ತು, ಕವಿಗೆ ಶಕ್ತಿಯೂ ಇತ್ತು. ಆದರೂ ಗಮಕಿಗಳ ಕಂಠದಲ್ಲಿ ಮತ್ತು ಕೇಳುಗರ ಮನಸ್ಸಿನಲ್ಲಿ ನೆಲೆಸಿದ್ದು ಕುಮಾರವ್ಯಾಸನ ಹತ್ತು ಪರ್ವಗಳೇ.

ಜನರು ಒಪ್ಪದಿರುವುದು ಹೇಗೋ ಹಾಗೆ, ತಾವೇ ಕಥೆಯನ್ನು ಬೆಳೆಸುವುದೂ ಉಂಟು. ಪಾಂಡವಪುರದ ಕುಂತಿಬೆಟ್ಟದ ಐತಿಹ್ಯ ಇದಕ್ಕೆ ನಿದರ್ಶನ. ಪಾಂಡವರು ತಾಯಿಯೊಡನೆ ಇಲ್ಲಿ ತಂಗಿದ್ದರು ಎಂದು ಹೇಳುವ ಊರಿನವರು ಕವಿಯ ಅಪ್ಪಣೆಗಾಗಿ ಕಾಯಲಿಲ್ಲ. ಕೇಳಿದ ಕಥೆಯನ್ನು ತಮ್ಮ ಬಂಡೆಯವರೆಗೆ ನಡೆಸಿಕೊಂಡು ಬಂದರು. ಸೂಸನ್‌ಳ ಕಥೆಯನ್ನು ನೀವೇ ಬರೆಯಿರಿ ಎಂದು ಲೂಯಿಸ್ ಹೇಳಿದ್ದು ಇಂಥ ಜನರಿಗೆ ಹೊಸ ಮಾತೇನೂ ಆಗಲಾರದು.

ಶ್ರೀಗ್ರಂಥದ ವಿದ್ಯಾರ್ಥಿಗಳಾದ ನಮಗಂತೂ ಇದು ಅಪರಿಚಿತವಲ್ಲ. ಮಾರ್ಕನ ಶುಭಸಂದೇಶ ಅತಿ ಪ್ರಾಚೀನ ಹಸ್ತಪ್ರತಿಗಳಲ್ಲಿ 16ನೇ ಅಧ್ಯಾಯದ 8ನೇ ವಚನಕ್ಕೆ ನಿಂತುಬಿಡುತ್ತದೆ. ಸಮಾಧಿಯಿಂದ ಓಡಿಹೋದ ಮಹಿಳೆಯರು ಭಯದಿಂದ ಯಾರಿಗೂ ಏನನ್ನೂ ಹೇಳಲಿಲ್ಲ ಎಂಬಲ್ಲಿಗೆ ಕಥನ ಕೊನೆಗೊಳ್ಳುತ್ತದೆ. ಪ್ರಾಚೀನ ಕ್ರೈಸ್ತರಿಗೆ ಆ ಮೌನವನ್ನು ಹಾಗೆಯೇ ಬಿಡಲಾಗಲಿಲ್ಲ. 9ರಿಂದ 20ರವರೆಗಿನ ವಚನಗಳು ಹೀಗೆ ನಂತರ ಸೇರಿದವು ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಧರ್ಮಸಭೆ ಅವುಗಳನ್ನು ದೇವರ ವಾಕ್ಯವಾಗಿಯೇ ಓದುತ್ತದೆ. ನಾರ್ನಿಯಾದ ಓದುಗರನ್ನು ಶುಭಸಂದೇಶದ ಓದುಗರ ಪಕ್ಕದಲ್ಲಿ ಕೂರಿಸುವುದು ನಮ್ಮ ಉದ್ದೇಶವಲ್ಲ. ಹೀಗೆ ಮುಗಿಯಬಾರದು ಎಂದು ಓದುಗರು ಹೇಳಿದಾಗ ಅದನ್ನು ಉದ್ಧಟತನವೆಂದು ತಳ್ಳಿಹಾಕದೆ, ಅವರು ಯಾವುದನ್ನು ಕೈಬಿಡಲಾರರು ಎಂದು ಕೇಳಿ ತಿಳಿಯಬೇಕು ಎಂಬುದಷ್ಟೇ ನಮ್ಮ ಸೂಚನೆ.

ಎರಡು ಪುಟಗಳು

ಈಗ ಪಠ್ಯಕ್ಕೆ ಬರೋಣ. ಸೂಸನ್‌ಳ ಪ್ರಸ್ತಾಪ ಬರುವುದು ನಾರ್ನಿಯಾದ ಕೊನೆಯ ಅರಸ ಟಿರಿಯನ್ ಕೇಳುವ ಪ್ರಶ್ನೆಯಿಂದ. ಇನ್ನೊಬ್ಬ ಸೋದರಿ ಎಲ್ಲಿ ಎಂದು ಅವನು ಪೀಟರ್‌ನನ್ನು ವಿಚಾರಿಸುತ್ತಾನೆ. ಅವಳು ಈಗ ನಾರ್ನಿಯಾದ ಸ್ನೇಹಿತೆಯಲ್ಲ ಎಂದು ಪೀಟರ್ ಚುಟುಕಾಗಿ ಉತ್ತರಿಸುತ್ತಾನೆ. ನಾರ್ನಿಯಾದ ಮಾತೆತ್ತಿದರೆ ಬಾಲ್ಯದ ಆಟವೆಂದು ನಕ್ಕುಬಿಡುತ್ತಾಳೆ ಎಂದು ಒಬ್ಬನು ಸೇರಿಸುತ್ತಾನೆ. ನೈಲಾನ್ ಕಾಲುಚೀಲ, ಲಿಪ್‌ಸ್ಟಿಕ್, ಔತಣದ ಆಮಂತ್ರಣ, ಇವುಗಳ ಹೊರತು ಅವಳಿಗೆ ಬೇರಾವುದರಲ್ಲಿಯೂ ಆಸಕ್ತಿಯಿಲ್ಲ ಎಂದು ಇನ್ನೊಬ್ಬಳು ಹೇಳುತ್ತಾಳೆ. ಬೇಗ ದೊಡ್ಡವಳಾಗುವ ಆತುರದಲ್ಲಿ ಬದುಕನ್ನು ವ್ಯರ್ಥ ಮಾಡಿಕೊಂಡಳು ಎಂಬುದು ಮೂರನೆಯವಳ ಟೀಕೆ. ಆಮೇಲೆ ಪೀಟರ್, ಆ ವಿಷಯ ಈಗ ಬೇಡ, ಇಲ್ಲಿ ಒಳ್ಳೆಯ ಹಣ್ಣಿನ ಮರಗಳಿವೆ, ರುಚಿ ನೋಡೋಣ ಎಂದು ಮಾತನ್ನು ಬದಲಿಸುತ್ತಾನೆ.

ಪುಲ್‌ಮನ್ ಮತ್ತು ರೌಲಿಂಗ್ ಅವರ ಗಮನ ಲಿಪ್‌ಸ್ಟಿಕ್ಕಿನ ಮೇಲೆ ನಿಂತಿತು. ನಮ್ಮನ್ನು ಹೆಚ್ಚು ಕಾಡುವುದು ಆ ಹಣ್ಣು. ಪುಸ್ತಕ ಸೂಸನ್‌ಳನ್ನು ನರಕಕ್ಕೆ ಕಳಿಸುವುದಿಲ್ಲ ಎಂಬುದನ್ನು ನ್ಯಾಯವಾಗಿ ಒಪ್ಪಬೇಕು. ಅವಳು ಸತ್ತೇ ಇಲ್ಲ. ಸತ್ತವರು ಉಳಿದವರು. ಇಂಗ್ಲೆಂಡಿನಲ್ಲಿ ರೈಲು ಅಪಘಾತವಾಗಿ ಅವಳ ಅಣ್ಣ, ತಮ್ಮ, ತಂಗಿ ಮತ್ತು ತಂದೆತಾಯಿಗಳು ಒಂದೇ ದಿನ ತೀರಿಹೋಗಿದ್ದಾರೆ. ಅಂದರೆ ಹೊಸ ನಾರ್ನಿಯಾದಲ್ಲಿ ಇವರು ಹಣ್ಣು ಸವಿಯುವ ಹೊತ್ತಿನಲ್ಲಿ, ನಮ್ಮ ಲೋಕದಲ್ಲಿ ಒಬ್ಬ ಯುವತಿ ತನ್ನ ಮನೆಯವರೆಲ್ಲರನ್ನೂ ಕಳೆದುಕೊಂಡು ಒಂಟಿಯಾಗಿದ್ದಾಳೆ. ಇದನ್ನು ಕಥೆಯೊಳಗಿನ ಯಾರೂ ನೆನೆಯುವುದಿಲ್ಲ. ಎಡ್ಮಂಡ್ ಒಂದು ಮಾತನ್ನೂ ಆಡುವುದಿಲ್ಲ. ದ್ರೋಹಿಯಾಗಿದ್ದ ತನಗಾಗಿ ಸಿಂಹ ಪ್ರಾಣಕೊಟ್ಟದ್ದನ್ನು ಬಲ್ಲವನು ಅವನೇ.

ಸೂಸನ್ ಯಾರೆಂಬುದನ್ನು ಮೊದಲ ಪುಸ್ತಕದ ಓದುಗರು ಮರೆಯಲಾರರು. ಅಸ್ಲಾನ್ ತನ್ನ ಮರಣದ ಕಡೆಗೆ ನಡೆದ ರಾತ್ರಿ ಜೊತೆಗೆ ಹೆಜ್ಜೆಹಾಕಿದವರು ಸೂಸನ್ ಮತ್ತು ಲೂಸಿ. ಶಿಲಾಪೀಠದ ಮೇಲಿನ ಮೃತದೇಹದ ಬಳಿ ಬೆಳಗಿನವರೆಗೂ ಅತ್ತವರು ಅವರೇ, ಪುನರುತ್ಥಾನವನ್ನು ಮೊದಲು ಕಂಡವರೂ ಅವರೇ. ಮಗ್ದಲದ ಮರಿಯಳ ಸ್ಥಾನದಲ್ಲಿ ನಿಂತಿದ್ದ ಈ ಹುಡುಗಿಯನ್ನು ಕೊನೆಯ ಪುಸ್ತಕ ಕೆಲವೇ ವಾಕ್ಯಗಳಲ್ಲಿ, ಅವಳ ಗೈರುಹಾಜರಿಯಲ್ಲಿ, ಬೇರೆಯವರ ಬಾಯಿಂದ ಮುಗಿಸಿಬಿಡುತ್ತದೆ. ಓದುಗರು ಸಿಟ್ಟಾದದ್ದು ಸೂಸನ್ ತಪ್ಪಿಲ್ಲದವಳು ಎಂದಲ್ಲ, ಅವಳ ಮಾತನ್ನು ಕೇಳಲಿಲ್ಲವೆಂದು.

ಎಮೆತ್‌ನ ಪುಟ ಇದಕ್ಕೆ ತೀರ ಭಿನ್ನ. ಅವನ ವೃತ್ತಾಂತವನ್ನು ಅವನೇ ‘ನಾನು’ ಎಂದು ಹೇಳುತ್ತಾನೆ. ಬಾಲ್ಯದ ಭಕ್ತಿ, ವಂಚನೆಯನ್ನು ಕಂಡಾಗಿನ ಜುಗುಪ್ಸೆ, ತನ್ನ ದೇವರ ಮುಖವನ್ನು ಕಾಣಲು ಪ್ರಾಣವನ್ನೂ ಲೆಕ್ಕಿಸದೆ ಲಾಯದೊಳಗೆ ನುಗ್ಗಿದ ಧೈರ್ಯ, ಅಸ್ಲಾನ್ ಎದುರಾದಾಗಿನ ನಡುಕ, ಎಲ್ಲವೂ ಅವನ ಮಾತಿನಲ್ಲಿಯೇ ಬರುತ್ತದೆ. ನೀನು ಸಲ್ಲಿಸಿದ ಒಳ್ಳೆಯ ಸೇವೆಯೆಲ್ಲವೂ ನನಗೇ ಸಂದಿತು ಎಂದು ಅಸ್ಲಾನ್ ಅವನಿಗೆ ತಿಳಿಸುತ್ತದೆ. ಅರಸರೂ ಅರಸಿಯರೂ ಸುತ್ತ ಕುಳಿತು ಆ ಕಥೆಯನ್ನು ಕೇಳುತ್ತಾರೆ.

ಇಲ್ಲಿಯೂ ಕುಂದಿಲ್ಲವೆಂದಲ್ಲ. ಮುಂಡಾಸು ಸುತ್ತಿ, ಬಾಗಿದ ಕತ್ತಿ ಹಿಡಿದ ಕಂದುಬಣ್ಣದ ಕ್ಯಾಲೊರ್ಮೆನ್ನರನ್ನು ಲೂಯಿಸ್ ಬಹುತೇಕ ಕ್ರೂರಿಗಳನ್ನಾಗಿಯೇ ಚಿತ್ರಿಸಿದ್ದಾರೆ. ಇಂಗ್ಲಿಷ್ ಕಲ್ಪನೆಗೆ ಈ ಚಿತ್ರ ಹಳೆಯದು. ವಿಲ್ಕಿ ಕಾಲಿನ್ಸ್ ಅವರ 1868ರ ‘ದ ಮೂನ್‌ಸ್ಟೋನ್’ ಕಾದಂಬರಿ ತೆರೆದುಕೊಳ್ಳುವುದೇ 1799ರ ಶ್ರೀರಂಗಪಟ್ಟಣದ ಮುತ್ತಿಗೆಯೊಂದಿಗೆ. ಆ ಊರಿನ ಆಸುಪಾಸಿನಲ್ಲಿ ಬದುಕುವ ಓದುಗನಿಗೆ ಎಮೆತ್ ಅಪರಿಚಿತ ದೇಶದವನಾಗಿ ಕಾಣುವುದಿಲ್ಲ, ಪಕ್ಕದ ಬೀದಿಯವನಾಗಿ ಕಾಣುತ್ತಾನೆ. ಒಂದು ಜನಾಂಗವನ್ನೇ ಹೀಗಳೆದು ಅದರಲ್ಲಿ ಒಬ್ಬನನ್ನು ಮೆಚ್ಚಿಕೊಂಡರೆ ಸಾಲದು ಎಂಬ ಓದುಗರ ಆಕ್ಷೇಪವನ್ನು ನಾವೂ ಒಪ್ಪುತ್ತೇವೆ. ಆದರೂ ಆ ಒಬ್ಬನನ್ನು ಮಾತನಾಡಿಸಿದ್ದು, ಕೇಳಿಸಿಕೊಂಡಿದ್ದು ನಿಜ.

ಒಂದು ಗಂಭೀರ ಆಕ್ಷೇಪ

ನಮ್ಮ ವಾದಕ್ಕೆ ದೈವಶಾಸ್ತ್ರದ ನೆಲೆಯಿಂದಲೇ ಒಂದು ಪ್ರಬಲ ಆಕ್ಷೇಪವಿದೆ. ಹೆಚ್ಚು ಪಡೆದವರಿಂದ ಹೆಚ್ಚು ನಿರೀಕ್ಷಿಸಲಾಗುವುದು ಎಂಬುದು ಪ್ರಭುವಿನ ಬೋಧನೆ (ಲೂಕ 12:48). ದೇವರ ಮನೆಯವರಿಂದಲೇ ತೀರ್ಪು ಆರಂಭವಾಗುತ್ತದೆ ಎಂದು ಪೇತ್ರನ ಮೊದಲ ಪತ್ರ ಎಚ್ಚರಿಸುತ್ತದೆ (4:17). ದ್ವಿತೀಯ ವ್ಯಾಟಿಕನ್ ಮಹಾಸಭೆಯ 1964ರ ‘ಲುಮೆನ್ ಜೆನ್ಸಿಯುಮ್’ ದಸ್ತಾವೇಜಿನ 16ನೇ ಪರಿಚ್ಛೇದವನ್ನು ನಾವು ಆಗಾಗ್ಗೆ ಉಲ್ಲೇಖಿಸುತ್ತೇವೆ. ತಮ್ಮದಲ್ಲದ ತಪ್ಪಿನಿಂದ ಕ್ರಿಸ್ತರನ್ನು ಅರಿಯದೆ, ಮನಸ್ಸಾಕ್ಷಿಯಂತೆ ದೇವರನ್ನು ಅರಸುವವರಿಗೂ ರಕ್ಷಣೆ ಸಾಧ್ಯವೆಂದು ಅದು ಬೋಧಿಸುತ್ತದೆ. ಎಮೆತ್‌ನ ಪ್ರಸಂಗ ಅದಕ್ಕಿಂತ ಎಂಟು ವರ್ಷ ಮೊದಲೇ ಬಂದ ಕಥಾರೂಪದಂತಿದೆ. ಅದೇ ದಸ್ತಾವೇಜಿನ 14ನೇ ಪರಿಚ್ಛೇದದ ದನಿ ಬೇರೆ. ಧರ್ಮಸಭೆಯ ದೇಹದಲ್ಲಿದ್ದೂ ಪ್ರೀತಿಯಲ್ಲಿ ನೆಲೆಗೊಳ್ಳದವರಿಗೆ ರಕ್ಷಣೆಯಿಲ್ಲ, ಪಡೆದ ಕೃಪೆಗೆ ತಕ್ಕಂತೆ ಬಾಳದವರು ಹೆಚ್ಚು ಕಠಿಣವಾದ ತೀರ್ಪಿಗೆ ಗುರಿಯಾಗುವರು ಎಂದು ಅದು ಹೇಳುತ್ತದೆ. ಹೀಗಿರುವಾಗ ಎಮೆತ್‌ಗೆ ಔದಾರ್ಯ ತೋರಿ ಸೂಸನ್‌ಗೆ ಕಾಠಿಣ್ಯ ತೋರಿದ ಲೂಯಿಸ್ ಸರಿಯಾಗಿಯೇ ನಡೆದಿದ್ದಾರಲ್ಲವೇ?

ತತ್ವವನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಕೇಳಬೇಕಾದುದು, ತೀರ್ಪನ್ನು ನುಡಿಯುವವರು ಯಾರು ಎಂಬ ಪ್ರಶ್ನೆ. ಮೇಲೆ ಹೇಳಿದ ಬೋಧನೆಗಳೆಲ್ಲವೂ ತೀರ್ಪನ್ನು ದೇವರ ಕೈಯಲ್ಲಿಡುತ್ತವೆ. ‘ದ ಲಾಸ್ಟ್ ಬ್ಯಾಟಲ್’ನಲ್ಲಿ ಅಸ್ಲಾನ್ ಸೂಸನ್‌ಳ ವಿಷಯವಾಗಿ ಒಂದು ಶಬ್ದವನ್ನೂ ಆಡುವುದಿಲ್ಲ. ಎಮೆತ್‌ನ ಕುರಿತು ಮಾತನಾಡುವುದು ಅಸ್ಲಾನ್, ಸೂಸನ್‌ಳ ಕುರಿತು ಮಾತನಾಡುವುದು ಅವಳ ಸಂಗಡಿಗರು. ಪಠ್ಯದಲ್ಲಿ ಎದ್ದು ಕಾಣುವ ಈ ವ್ಯತ್ಯಾಸ ಲೂಯಿಸ್ ಅವರ ಟೀಕಾಕಾರರ ಕಣ್ಣಿಗೂ ಸಮರ್ಥಕರ ಕಣ್ಣಿಗೂ ಸಾಮಾನ್ಯವಾಗಿ ಬಿದ್ದಿಲ್ಲ. ಒಡೆಯನು ಮೌನವಾಗಿರುವಲ್ಲಿ ಮನೆಯವರು ತೀರ್ಪುಕೊಟ್ಟು ಹಣ್ಣಿನ ಕಡೆಗೆ ತಿರುಗಿದರು. ಲೇಖಕರು ಬಾಲಕನಿಗೆ ಬರೆದ ಪತ್ರದಲ್ಲಿದ್ದ ನಿರೀಕ್ಷೆ ಪುಸ್ತಕದೊಳಗಿನ ಒಬ್ಬನ ಬಾಯಲ್ಲಾದರೂ ಬಂದಿದ್ದರೆ ಸಾಕಿತ್ತು. ಅವಳಿಗಾಗಿ ಕಾಯೋಣ ಎಂದು ಲೂಸಿ ಹೇಳಿದ್ದರೆ ಕಥೆಯ ಒಂದು ಎಳೆಯೂ ಸಡಿಲವಾಗುತ್ತಿರಲಿಲ್ಲ.

ಶ್ರೀರಂಗಪಟ್ಟಣದ ಒಂದು ಅಧ್ಯಾಯ

ಗೈರುಹಾಜರಾದವರ ಬಗ್ಗೆ ನುಡಿಯುವ ತೀರ್ಪಿಗೂ, ಎದುರು ನಿಂತವರ ಮಾತನ್ನು ಕೇಳಿ ನೀಡುವ ತೀರ್ಪಿಗೂ ಇರುವ ಅಂತರವನ್ನು ಅರಿಯಲು ನಮ್ಮ ಪ್ರಾಂತದ ಧರ್ಮಸಭೆಯ ಇತಿಹಾಸವೇ ಸಾಕು. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಕರೆತರಲಾಯಿತು. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹುಮಂದಿ ತೀರಿಕೊಂಡರು. ಬದುಕುಳಿದವರಲ್ಲಿ ಅನೇಕರು ಒತ್ತಾಯಕ್ಕೆ ಮಣಿದು ತಮ್ಮ ವಿಶ್ವಾಸವನ್ನು ಬಹಿರಂಗವಾಗಿ ತೊರೆದರು. 1799ರಲ್ಲಿ ಕೋಟೆ ಬಿದ್ದ ಬಳಿಕ, ಚದುರಿದ ಕ್ರೈಸ್ತ ಸಮುದಾಯವನ್ನು ಮತ್ತೆ ಕಟ್ಟುವ ಹೊಣೆ ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ಅಬ್ಬೆ ದುಬುವಾ ಅವರದಾಯಿತು. ಗಂಜಾಂನ ದೇವಾಲಯದೊಂದಿಗೆ ಇಂದಿಗೂ ಅವರ ಹೆಸರು ಬೆಸೆದುಕೊಂಡಿದೆ.

1823ರಲ್ಲಿ ಭಾರತವನ್ನು ಬಿಟ್ಟು ಹೋದ ದುಬುವಾ, ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಈ ಪ್ರಸಂಗವನ್ನು ಪ್ರಸ್ತಾಪಿಸುತ್ತಾರೆ. ಅಷ್ಟು ಸಾವಿರ ಮಂದಿಯಲ್ಲಿ ಧೈರ್ಯದಿಂದ ವಿಶ್ವಾಸವನ್ನು ಸಾರಿ ರಕ್ತಸಾಕ್ಷಿಯಾದವನು ಒಬ್ಬನೂ ಇಲ್ಲದೆ ಹೋದನಲ್ಲ, ಎಂಥ ನಾಚಿಕೆಗೇಡು ಎಂಬುದು ಅವರ ಉದ್ಗಾರ. ಸೂಸನ್‌ಳ ಬಗ್ಗೆ ಪೀಟರ್ ಆಡಿದ ಮಾತಿನಷ್ಟೇ ಚುಟುಕಾದ, ಅಷ್ಟೇ ಕಠಿಣವಾದ ತೀರ್ಪು ಇದು. ಆದರೆ ದುಬುವಾ ಅವರ ಬರವಣಿಗೆ ಅಲ್ಲಿಗೆ ನಿಲ್ಲುವುದಿಲ್ಲ. ಹಾಗೆ ತೊರೆದವರಲ್ಲಿ ಬಹುಪಾಲು ಜನ ಹಿಂದಿರುಗಿ ಬಂದರೆಂದೂ, ತಾವು ಬಿಟ್ಟದ್ದು ಹೊರಗಿನ ಆಚರಣೆಯನ್ನು ಮಾತ್ರ, ಹೃದಯದಲ್ಲಿ ಕ್ರಿಸ್ತರ ಮೇಲಿನ ವಿಶ್ವಾಸವನ್ನು ಕಾಪಾಡಿಕೊಂಡಿದ್ದೆವು ಎಂದು ಹೇಳಿಕೊಂಡರೆಂದೂ ಅವರೇ ದಾಖಲಿಸುತ್ತಾರೆ. ಸುಮಾರು 2000 ಮಂದಿ ತಮ್ಮ ಬಳಿಗೇ ಬಂದರೆಂದು ಅವರು ಬರೆದಿದ್ದಾರೆ.

ಲೇಖನಿ ಹಿಡಿದಾಗ ಆ ಗುರುವಿಗೆ ಜನರೆಲ್ಲರೂ ಒಂದೇ ಗುಂಪಾಗಿ ಕಂಡರು, ಆ ಗುಂಪಿನ ಬಗ್ಗೆ ಅವರು ನಾಚಿಕೆಪಟ್ಟರು. ಅವರೇ ಎದುರು ಬಂದು ಬಾಯಿಬಿಟ್ಟಾಗ, ಭಯ, ಮಕ್ಕಳ ಮೇಲಿನ ಮೋಹ, ಒಳಗೊಳಗೆ ಉಳಿದಿದ್ದ ಪ್ರಾರ್ಥನೆ, ಇವೆಲ್ಲವುಗಳ ನಡುವಿನಿಂದ ಬಂದ ವ್ಯಕ್ತಿಗಳಾಗಿ ಅವರು ಕಾಣಿಸಿಕೊಂಡಿರಬೇಕು. ದುಬುವಾ ಅವರನ್ನು ನಾವು ‘ಹಿಂದೂ ಆಚಾರವಿಚಾರ’ಗಳ ಗ್ರಂಥಕರ್ತರೆಂದು, ಪರಧರ್ಮೀಯರ ಜೀವನವನ್ನು ಸೂಕ್ಷ್ಮವಾಗಿ ಗಮನಿಸಿದವರೆಂದು ಸ್ಮರಿಸುತ್ತೇವೆ. ಹಿಂದಿರುಗಿ ಬಂದ ಸ್ವಂತ ಮನೆಯವರ ಮಾತನ್ನು ಕೇಳಿಸಿಕೊಂಡವರೆಂದೂ ಸ್ಮರಿಸುವುದು ಯುಕ್ತ.

ಧರ್ಮಸಭೆ ಈ ಪಾಠವನ್ನು ಇದಕ್ಕೂ ಬಹು ಹಿಂದೆಯೇ ಕಲಿತಿತ್ತು. ಕ್ರಿ.ಶ. 250ರಲ್ಲಿ ಚಕ್ರವರ್ತಿ ಡೆಸಿಯಸ್ ನಡೆಸಿದ ಹಿಂಸೆಯಲ್ಲಿ ಕಾರ್ಥೇಜಿನ ಅನೇಕ ಕ್ರೈಸ್ತರು ಜಾರಿಬಿದ್ದರು. ಕೆಲವರು ವಿಗ್ರಹಗಳಿಗೆ ಬಲಿಯರ್ಪಿಸಿದರು, ಕೆಲವರು ಬಲಿಯರ್ಪಿಸದೆಯೇ ಅರ್ಪಿಸಿದೆವೆಂಬ ಪತ್ರವನ್ನು ಹಣಕೊಟ್ಟು ಪಡೆದರು. ಅವರನ್ನು ಧರ್ಮಸಭೆ ಮತ್ತೆ ಸೇರಿಸಿಕೊಳ್ಳಲೇಬಾರದು ಎಂದು ನೊವಾಷಿಯನ್ ಪಟ್ಟುಹಿಡಿದ. ಎಲ್ಲರನ್ನೂ ವಿಚಾರಣೆಯಿಲ್ಲದೆ ತಕ್ಷಣ ಸೇರಿಸಿಕೊಳ್ಳಿ ಎಂದು ಇನ್ನು ಕೆಲವರು ಒತ್ತಾಯಿಸಿದರು. 251ರಲ್ಲಿ ಸಂತ ಸಿಪ್ರಿಯಾನರು ಮತ್ತು ಅವರೊಂದಿಗಿದ್ದ ಧರ್ಮಾಧ್ಯಕ್ಷರು ಒಬ್ಬೊಬ್ಬರ ಪರಿಸ್ಥಿತಿಯನ್ನೂ ಪ್ರತ್ಯೇಕವಾಗಿ ವಿಚಾರಿಸಬೇಕೆಂಬ ಮಾರ್ಗವನ್ನು ಹಿಡಿದರು. ಸಿಪ್ರಿಯಾನರು ಮೃದುವಾದಿಯಲ್ಲ; ಜಾರಿಬಿದ್ದವರಿಗೆ ಅವರು ದೀರ್ಘ ಪ್ರಾಯಶ್ಚಿತ್ತವನ್ನೇ ವಿಧಿಸಿದರು. ಆದರೆ ಒಬ್ಬೊಬ್ಬರನ್ನೂ ವಿಚಾರಿಸುವುದೆಂದರೆ ಅವರ ಬಾಯಿಂದ ಕೇಳುವುದು ಎಂದೇ ಅರ್ಥ.

ನಮ್ಮ ಧರ್ಮಕೇಂದ್ರಗಳಲ್ಲಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ. ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಕ್ರೈಸ್ತರು ಅಲ್ಪಸಂಖ್ಯಾತರು. ಎಮೆತ್‌ನಂಥವರ ನಡುವೆಯೇ ನಮ್ಮ ದಿನಚರಿ ನಡೆಯುತ್ತದೆ. ಮೇಲುಕೋಟೆಯ ವೈರಮುಡಿಗೆ ಹೊರಟ ನೆರೆಯವರಿಗೆ ನಾವು ಶುಭ ಕೋರುತ್ತೇವೆ, ಕ್ರಿಸ್ಮಸ್ ದಿನ ಅವರು ನಮ್ಮ ಗೋದಲಿಯ ಮುಂದೆ ಕೈಮುಗಿದು ನಿಲ್ಲುತ್ತಾರೆ. 1965ರ ‘ನೋಸ್ತ್ರಾ ಎತಾತೆ’ ಘೋಷಣೆಯ ನಂತರ ಅಂತರಧರ್ಮೀಯ ಸಂವಾದ ಗುರುಮಠಗಳ ಪಠ್ಯಕ್ರಮದಲ್ಲಿಯೂ ಸೇರಿದೆ. ಪರಧರ್ಮೀಯರ ಮಾತನ್ನು ತಾಳ್ಮೆಯಿಂದ ಕೇಳಲು ನಾವು ಕಲಿತಿದ್ದೇವೆ. ಇದು ಕೃಪೆಯೇ ಸರಿ, ಇದನ್ನು ಕಳೆದುಕೊಳ್ಳಬಾರದು.

ಆದರೆ ಪಾಲನಾ ಪರಿಷತ್ತಿನ ಸಭೆಯಲ್ಲಿ, ಬೆಂಗಳೂರಿಗೆ ಕೆಲಸಕ್ಕೆ ಹೋಗಿ ದೇವಾಲಯದ ಕಡೆ ಮುಖಮಾಡದ ಹುಡುಗಿಯ ಹೆಸರು ಬಂದಾಗ ನಾವು ಆಡುವ ಮಾತುಗಳನ್ನು ನೆನೆಯೋಣ. ಅವಳ ಬಟ್ಟೆ, ಅವಳ ಸ್ನೇಹಿತರು, ಅವಳ ಫೋನು, ಅವಳು ಬೇರೆ ಸಭೆಗೆ ಹೋಗತೊಡಗಿದ್ದು, ಅನ್ಯಧರ್ಮೀಯನನ್ನು ಮದುವೆಯಾದದ್ದು. ನೈಲಾನ್ ಮತ್ತು ಲಿಪ್‌ಸ್ಟಿಕ್ಕಿನ ಪಟ್ಟಿಗೂ ಇದಕ್ಕೂ ಬಹಳ ಅಂತರವಿಲ್ಲ. ಚಿಕ್ಕಂದಿನಲ್ಲಿ ಗಾಯನವೃಂದದಲ್ಲಿ ಎಷ್ಟು ಚೆನ್ನಾಗಿ ಹಾಡುತ್ತಿದ್ದಳು ಎಂದು ಒಬ್ಬರು ನಿಟ್ಟುಸಿರು ಬಿಡುತ್ತಾರೆ. ಆಮೇಲೆ ಕಾರ್ಯಸೂಚಿಯ ಮುಂದಿನ ವಿಷಯಕ್ಕೆ, ಹಬ್ಬದ ಚಂದಾಕ್ಕೋ ಊಟದ ವ್ಯವಸ್ಥೆಗೋ, ಸಭೆ ಸಾಗುತ್ತದೆ. ಪೀಟರ್ ಹಣ್ಣಿನ ಕಡೆಗೆ ತಿರುಗಿದ ರೀತಿಯೂ ಇದೇ. ಅವಳು ದೂರ ಸರಿದಳೋ, ದೂರ ಸರಿಯುವಂತಾಯಿತೋ ಎಂಬುದು ತಿಳಿಯುವುದು ಅವಳಿಂದ ಮಾತ್ರ. ಅವಳನ್ನು ಕೇಳುವವರು ಅಪರೂಪ. ಅವಳ ಮನೆಯಲ್ಲಿ ಸಾವಾದಾಗ ಮಣ್ಣಿನ ಸಂಸ್ಕಾರಕ್ಕೆ ಬಂದವಳನ್ನು ಬಾಗಿಲಲ್ಲಿ ಮಾತನಾಡಿಸಿ, ಹೇಗಿದ್ದೀಯಮ್ಮಾ ಎಂದು ವಿಚಾರಿಸುವ ಗುರು ಅದಕ್ಕಿಂತಲೂ ಅಪರೂಪ.

ನಾರ್ನಿಯಾದ ಕೊನೆಯ ಪುಸ್ತಕವನ್ನು ಗುರುಮಠದ ವಿದ್ಯಾರ್ಥಿಗಳು ಓದಬೇಕು. ವೇಷಧಾರಿ ಸಿಂಹದ ಕಥೆ ಸುಳ್ಳು ಪ್ರವಾದಿಗಳ ಕುರಿತು ಬೋಧಿಸುವವರಿಗೆ ಉಪಯುಕ್ತ. ಹೊಸ ನಾರ್ನಿಯಾದ ವರ್ಣನೆ ಹೊಸ ಆಕಾಶ, ಹೊಸ ಭೂಮಿಯ ನಿರೀಕ್ಷೆಗೆ ಕಲ್ಪನೆಯ ಬಲವನ್ನು ಕೊಡುತ್ತದೆ. ಅದರೊಂದಿಗೆ ಓದುಗರ ದೂರುಗಳನ್ನೂ ಓದಬೇಕು. ಹೊರಗಿನವನು ಒಳಗೆ ಬಂದನೆಂಬ ದೂರನ್ನು, ದ್ರಾಕ್ಷಿತೋಟದ ಕೊನೆಯ ಕೂಲಿಯಾಳಿಗೆ ಪೂರ್ತಿ ಕೂಲಿಯನ್ನು ಕೊಟ್ಟ ಯಜಮಾನನ ಸಾಮತಿಯ ಬೆಳಕಿನಲ್ಲಿ (ಮತ್ತಾಯ 20:1-16) ಬಿಟ್ಟುಕೊಡಬಹುದು. ಒಳಗಿನವಳು ಹೊರಗುಳಿದಳೆಂಬ ದೂರನ್ನು ಬಿಟ್ಟುಕೊಡಲಾಗದು. ಅದು ಶುಭಸಂದೇಶದಿಂದಲೇ ಕಲಿತ ದೂರು. ಲೂಕನ 15ನೇ ಅಧ್ಯಾಯದಲ್ಲಿ ಹಿರಿಯ ಮಗ ಮನೆಯೊಳಗೆ ಬರಲು ಒಪ್ಪದೆ ಹೊರಗೆ ನಿಂತಾಗ ಒಳಗೆ ಔತಣ ನಡೆಯುತ್ತಿರುತ್ತದೆ. ತಂದೆ ಅತಿಥಿಗಳೆದುರು ಅವನ ಗುಣದೋಷಗಳನ್ನು ವಿವರಿಸುವುದಿಲ್ಲ. ಎದ್ದು ಹೊರಗೆ ಹೋಗುತ್ತಾನೆ, ಮಗ ಸಿಟ್ಟಿನಿಂದ ಆಡಿದ ಮಾತುಗಳನ್ನೆಲ್ಲ ಕೇಳಿಸಿಕೊಳ್ಳುತ್ತಾನೆ, ಆಮೇಲೆ ಬೇಡಿಕೊಳ್ಳುವ ದನಿಯಲ್ಲಿ ಉತ್ತರಿಸುತ್ತಾನೆ. ಮಗ ಒಳಗೆ ಬಂದನೋ ಇಲ್ಲವೋ ಎಂಬುದನ್ನು ಲೂಕ ಹೇಳುವುದಿಲ್ಲ. ತಂದೆ ಹೊರಗೆ ಹೋದ ಎಂಬುದನ್ನು ಮಾತ್ರ ಹೇಳುತ್ತಾನೆ, ಗುರುಗಳಾದ ನಮಗೆ ಒಪ್ಪಿಸಿರುವ ಕೆಲಸವೂ ಅದೇ.